ಡಬ್ಬಾ ಫೋನಿನ ಹಾವು

ಕೃಷ್ಣಾ ನದಿಯ ಎರಡೂ ದಂಡೆಯ ಹೊಲಗಳಲ್ಲಿ ಹಾವಿಗೆ ಬರವಿಲ್ಲ. ಶೇಂಗಾ ಕೀಳುವಾಗ, ಭತ್ತದ ಗದ್ದೆಯ ಬದುವಿನ ಮೇಲೆ ನಡೆಯುವಾಗ, ಮಳೆಗಾಲದ ರಾತ್ರಿ ಕೊಟ್ಟಿಗೆಯ ಬಾಗಿಲು ತೆಗೆಯುವಾಗ ಅದು ಎದುರಾಗುತ್ತದೆ. ತೆಲಂಗಾಣದ ಗಡಿಯ ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಸೀಮೆಯಲ್ಲಿ ಬೆಳೆದ ಮಕ್ಕಳಿಗೆ ನಾಗರಹಾವು ಯಾವುದು, ಕೊಳಕುಮಂಡಲ ಯಾವುದು, ಯಾರಿಗೂ ಏನೂ ಮಾಡದ ಕೇರೆ ಯಾವುದು ಎಂಬುದು ಅಕ್ಷರ ಕಲಿಯುವ ಮುಂಚೆಯೇ ಗೊತ್ತಿರುತ್ತದೆ. ಶ್ರಾವಣದ ಪಂಚಮಿ ಬಂತೆಂದರೆ ಅದೇ ಹಾವಿಗೆ ಹುತ್ತದ ಬಳಿ ಹಾಲೆರೆಯುತ್ತಾರೆ, ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾರೆ, ಅಳ್ಳು, ಎಳ್ಳುಂಡಿ ಹಂಚುತ್ತಾರೆ. ಭಯ, ಭಕ್ತಿ ಎರಡೂ ಒಂದೇ ಪ್ರಾಣಿಯ ಮೇಲೆ ಇಷ್ಟು ಗಟ್ಟಿಯಾಗಿ ನಿಂತಿರುವ ಈ ನೆಲಕ್ಕೆ 2004–05ರ ಸುಮಾರಿಗೆ ಇನ್ನೊಂದು ಹಾವು ಬಂತು. ಅದಕ್ಕೆ ಹೆಡೆಯಿರಲಿಲ್ಲ, ವಿಷವಿರಲಿಲ್ಲ, ಬಣ್ಣವೂ ಇರಲಿಲ್ಲ. ಅಂಗೈಯಷ್ಟು ಫೋನಿನ ಮಬ್ಬು ಪರದೆಯ ಮೇಲೆ ಕಪ್ಪು ಚುಕ್ಕಿಗಳ ಸಾಲಾಗಿ ಹರಿಯುತ್ತಿತ್ತು.

ಆ ಹಾವನ್ನು ಮೊದಲು ಕಂಡಾಗ ಎಂಟು, ಹತ್ತು ವರ್ಷದವರಾಗಿದ್ದ ಮಕ್ಕಳು ಈಗ ಮೂವತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಒಬ್ಬನ ನೆನಪಿನ ದಾರಿ ಹಿಡಿದು ಈ ಬರಹ ಸಾಗುತ್ತದೆ. ಮಕ್ತಲ್‌ನಿಂದ ರಾಯಚೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಿನ ಹಳ್ಳಿ ಅವನದು. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಓಣಿಯ ಅರ್ಧ ಗೆಳೆಯರ ಜೊತೆ ದಖನಿ ಉರ್ದು. ಓದಿದ್ದು ಈಗಿನ ಕೃಷ್ಣಾ ಮಂಡಲದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ. ಸೋದರಮಾವನ ಮನೆ ನಾರಾಯಣಪೇಟೆಯಲ್ಲಿ, ಅಕ್ಕನನ್ನು ಕೊಟ್ಟಿದ್ದು ಗದ್ವಾಲ್‌ಗೆ. ಆ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡಿಕೊಂಡೇ ಅವನು ದೊಡ್ಡವನಾದ. ಮೂರೂ ಊರಲ್ಲಿ ತಪ್ಪದೆ ಸಿಗುತ್ತಿದ್ದ ಆಟ ಫೋನಿನ ಈ ಹಾವಿನದೊಂದೇ.

ಈ ಹಾವಿನ ಹುಟ್ಟೂರು ಬಹಳ ದೂರ. 1976ರಲ್ಲಿ ಅಮೆರಿಕದ ಗ್ರೆಮ್ಲಿನ್ ಎಂಬ ಕಂಪನಿ ‘ಬ್ಲಾಕೇಡ್’ ಎಂಬ ಆಟದ ಯಂತ್ರ ಮಾಡಿತ್ತು. ನಾಣ್ಯ ಹಾಕಿ ಇಬ್ಬರು ಆಡುವ ಆಟ. ಇಬ್ಬರೂ ಹಿಂದೆ ಗೆರೆ ಬಿಡುತ್ತಾ ಸಾಗಬೇಕು. ಗೋಡೆಗೋ, ಯಾರದಾದರೂ ಗೆರೆಗೋ ತಾಗಿದವನು ಸೋತ. ಅದರ ಮರಿಗಳು ಮುಂದೆ ಮನೆಯ ಕಂಪ್ಯೂಟರುಗಳಿಗೆ ಬಂದವು. 1991ರಲ್ಲಿ ಮೈಕ್ರೋಸಾಫ್ಟ್ ತನ್ನ ಕ್ಯೂಬೇಸಿಕ್ ಜೊತೆ ‘ನಿಬಲ್ಸ್’ ಎಂಬ ಹೆಸರಲ್ಲಿ ಇಂಥದೇ ಹಾವನ್ನು ಕೊಟ್ಟಿತು. ಆದರೆ ಹಾವು ಲೋಕದ ಮೂಲೆಮೂಲೆಗೆ ಹರಿದದ್ದು ಫೋನಿನಿಂದ. 1997ರ ಕೊನೆಗೆ ಬಂದ ನೋಕಿಯಾ 6110 ಫೋನಿಗೆ ಫಿನ್ಲೆಂಡಿನ ಎಂಜಿನಿಯರ್ ತನೇಲಿ ಅರ್ಮಾಂಟೋ ಅದನ್ನು ಬರೆದುಕೊಟ್ಟರು. ಅಡ್ಡ 84, ಉದ್ದ 48 ಚುಕ್ಕಿ, ಒಟ್ಟು 4032 ಚುಕ್ಕಿಗಳ ಪರದೆ. ಅದರೊಳಗೇ ಹಾವು, ಅದರ ಊಟ, ಗೋಡೆ, ಅಂಕ ಎಲ್ಲವೂ ಹಿಡಿಯಬೇಕಿತ್ತು. ಆ ಫೋನಿನ ಇನ್‌ಫ್ರಾರೆಡ್ ಕಿಂಡಿಯನ್ನು ಇನ್ನೊಂದರ ಎದುರಿಗೆ ಹಿಡಿದು ಇಬ್ಬರೂ ಆಡಬಹುದಾಗಿತ್ತು.

ಅರ್ಮಾಂಟೋ ಮಾಡಿದ ಒಂದು ಸಣ್ಣ ಕೆಲಸದ ಬಗ್ಗೆ ಇಲ್ಲಿ ಹೇಳಲೇಬೇಕು. ಹಾವಿನ ತಲೆ ಗೋಡೆಗೆ ಬಂದು ತಾಗುವ ಕ್ಷಣದಲ್ಲಿ ಆಟ ಕೂಡಲೇ ಮುಗಿಯದಂತೆ, ಕೆಲವೇ ಮಿಲಿಸೆಕೆಂಡುಗಳ ತಡವನ್ನು ಅವರು ಇಟ್ಟರು. ಅಷ್ಟರಲ್ಲಿ ಬೆರಳು ಆಡಿಸಿದರೆ ಹಾವು ಉಳಿಯುತ್ತದೆ. ಆಡುವವನಿಗೆ ಆ ತಡ ಕಣ್ಣಿಗೆ ಬೀಳುವುದಿಲ್ಲ. ತನ್ನ ಬೆರಳಿನ ಚುರುಕಿನಿಂದಲೇ ಹಾವು ಬದುಕಿತು ಎಂದುಕೊಳ್ಳುತ್ತಾನೆ. ‘ಸ್ವಲ್ಪದರಲ್ಲೇ ಉಳೀತು’ ಎಂಬ ಉಸಿರು ಕೋಟ್ಯಂತರ ಜನರ ಬಾಯಿಂದ ಬಂದದ್ದರ ಹಿಂದೆ ಒಬ್ಬ ಎಂಜಿನಿಯರನ ಈ ಕರುಣೆಯಿದೆ. ಆಟ ಕಟ್ಟುವವರು ಆಡುವವರನ್ನು ಎಷ್ಟು ಪ್ರೀತಿಯಿಂದ ನೆನೆಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತದಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖರಾಂ ಅವರಿಗೆ ಮಾಡಿದ್ದು. ಅಲ್ಲಿಂದ ಮಕ್ತಲ್‌ನ ಹಳ್ಳಿಗಳಿಗೆ ಫೋನ್ ಬರಲು ಹತ್ತು ವರ್ಷವೇ ಬೇಕಾಯಿತು. 2002ರಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಶುರುವಾಯಿತು, 2003ರಲ್ಲಿ ಒಳಬರುವ ಕರೆಗೆ ದುಡ್ಡು ಕೊಡುವುದು ತಪ್ಪಿತು, ಅದೇ ವರ್ಷ ನೋಕಿಯಾ 1100 ಮಾರುಕಟ್ಟೆಗೆ ಬಂತು. ಈ ಮೂರೂ ಒಟ್ಟಾದದ್ದರಿಂದಲೇ ಹೊಲದ ಕೆಲಸದವರ ಜೇಬಿಗೂ ಫೋನ್ ಬಂತು. 1100 ಮಾಡಿದ್ದೇ ನಮ್ಮಂಥ ಊರುಗಳಿಗಾಗಿ. ಧೂಳು ಒಳಗೆ ಹೋಗದ ಹಾಗೆ ಗುಂಡಿಗಳ ಮೇಲೆ ಒಂದೇ ಹಾಳೆ, ಬೆವರಿದ ಕೈಯಿಂದ ಜಾರದ ಮೈ, ನೆತ್ತಿಯ ಮೇಲೊಂದು ಬ್ಯಾಟರಿ ದೀಪ. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನ್ ಅದು.

ಹುಡುಗನ ಅಪ್ಪ ಅದನ್ನು ರಾಯಚೂರಿನಿಂದ ತಂದದ್ದು ಆ ದೀಪಕ್ಕಾಗಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಕೊಡುತ್ತಿದ್ದದ್ದು ರಾತ್ರಿ. ಎಷ್ಟು ಹೊತ್ತಿಗೆ ಬಂದರೂ ಎದ್ದು ಹೊಲಕ್ಕೆ ಹೋಗಿ ಮೋಟರು ಚಾಲೂ ಮಾಡಬೇಕು. ದಾರಿಯಲ್ಲಿ ನಿಜವಾದ ಹಾವುಗಳಿವೆ. ‘ಸಿ’ ಗುಂಡಿ ಒತ್ತಿ ಹಿಡಿದರೆ ಹೊಳೆಯುವ ಆ ಬೆಳಕಿನಲ್ಲಿ ಕಾಲಮುಂದಿನ ನೆಲ ಕಾಣುತ್ತಿತ್ತು. ಅದೇ ಫೋನಿನೊಳಗೆ ಇನ್ನೊಂದು ಹಾವು ಮಲಗಿದೆ ಎಂಬುದು ಅಪ್ಪನಿಗೆ ಎಷ್ಟೋ ದಿನ ಗೊತ್ತೇ ಇರಲಿಲ್ಲ. ಅದನ್ನು ಹುಡುಕಿ ತೆಗೆದವರು ಮಕ್ಕಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದು ಅವರಿಗೆ ಓದಲು ಬರುತ್ತಿರಲಿಲ್ಲ. ಯಾವ ಗುಂಡಿಯನ್ನು ಎಷ್ಟು ಸಲ ಒತ್ತಿದರೆ ಹಾವು ಬರುತ್ತದೆ ಎಂದು ಬಾಯಿಪಾಠ ಮಾಡಿಕೊಂಡರು, ಓಣಿಯ ಉಳಿದ ಮಕ್ಕಳಿಗೂ ಹೇಳಿಕೊಟ್ಟರು.

1100ರಲ್ಲಿದ್ದದ್ದು ಎರಡನೆಯ ತಲೆಮಾರಿನ ಹಾವು, ಸ್ನೇಕ್ 2. 2000ದಲ್ಲಿ ಬಂದ 3310 ಫೋನಿನಲ್ಲೂ ಇದ್ದದ್ದು. ಮೊದಲನೆಯ ಹಾವು ಗೋಡೆಗೆ ತಾಗಿದರೆ ಸಾಯುತ್ತಿತ್ತು. ಇದು ಬಯಲಿನಲ್ಲಿ ಆಡಿದರೆ ಬಲಗಡೆಯಿಂದ ಹೊರಗೆ ಹೋಗಿ ಎಡಗಡೆಯಿಂದ ಒಳಗೆ ಬರುತ್ತಿತ್ತು. ನಡುನಡುವೆ ಒಂದು ಹುಳವೋ, ಪುಟ್ಟ ಪ್ರಾಣಿಯೋ ಕಾಣಿಸಿಕೊಂಡು, ಮೂಲೆಯಲ್ಲಿ ಅಂಕೆಗಳು ಇಳಿಯುತ್ತಾ ಹೋಗುತ್ತಿದ್ದವು. ಸೊನ್ನೆಯಾಗುವ ಮುಂಚೆ ಅದನ್ನು ತಿಂದರೆ ಹೆಚ್ಚಿನ ಅಂಕ. ಬಯಲು ಬೇಡವೆನ್ನುವವರಿಗೆ ಪೆಟ್ಟಿಗೆ, ಸುರಂಗ, ಗಿರಣಿ, ರೈಲು ಹಳಿ ಹೀಗೆ ಬೇರೆ ಬೇರೆ ಗೋಡೆಗಳ ಅಂಕಣಗಳಿದ್ದವು. ಕೃಷ್ಣಾ ಸ್ಟೇಷನ್ನಿನ ಹತ್ತಿರದ ಊರಿನ ಹುಡುಗರು ರೈಲು ಹಳಿಯ ಅಂಕಣವನ್ನೇ ಆರಿಸುತ್ತಿದ್ದರು. ಮುಂಬೈನಿಂದ ಚೆನ್ನೈಗೆ ಹೋಗುವ ರೈಲುಗಳು ಹಗಲು ರಾತ್ರಿ ಅವರ ಊರಿನ ಪಕ್ಕದ ಸೇತುವೆ ದಾಟುತ್ತಿದ್ದವು. ಹಳಿಯ ಆಟ ತಮಗೇ ಸೇರಿದ್ದು ಎಂದು ಅವರು ನಂಬಿದ್ದರು.

ಫೋನ್ ಮನೆಗೆ ಒಂದೇ. ಮಕ್ಕಳು ನಾಲ್ಕು, ಬೇಸಿಗೆ ರಜೆಯಲ್ಲಿ ನೆಂಟರ ಮಕ್ಕಳು ಸೇರಿದರೆ ಇನ್ನೂ ಹೆಚ್ಚು. ಹೀಗಾಗಿ ಕಟ್ಟುಪಾಡುಗಳು ಹುಟ್ಟಿಕೊಂಡವು. ಹಾವು ಸಾಯುವ ತನಕ ಒಬ್ಬನ ಸರದಿ. ಆಡುವವನ ಕೈ ಅಲುಗಿಸಿದರೆ ಅಲುಗಿಸಿದವನ ಸರದಿ ಹೋಯಿತು. ನಡುವೆ ಕರೆ ಬಂದು ಆಟ ನಿಂತರೆ, ಫೋನ್ ಮರಳಿ ಬಂದ ಮೇಲೆ ಅದೇ ಹುಡುಗನಿಗೇ ಮೊದಲ ಅವಕಾಶ. ‘ಬಿಡಲೇ, ನನ ಪಾಳಿ ಬಂತು’ ಎನ್ನುವ ಜಗಳ ದಿನವೂ ಇರುತ್ತಿತ್ತು. ಆದರೆ ನಿಜವಾದ ಆಟ ನೋಡುವವರದು. ಆಡುವವನ ಹೆಗಲ ಮೇಲೆ ಐದಾರು ತಲೆಗಳು ಬಾಗಿರುತ್ತಿದ್ದವು. ಪರದೆ ಅಷ್ಟು ಚಿಕ್ಕದಾದ್ದರಿಂದ ಎಲ್ಲರೂ ಕೆನ್ನೆಗೆ ಕೆನ್ನೆ ಹಚ್ಚಿ ಕೂರಲೇಬೇಕಿತ್ತು. ‘ಮ್ಯಾಲ, ಮ್ಯಾಲ, ಎಡಕ್ಕ ಹೊಳ್ಳಿಸು’ ಎಂದು ಒಬ್ಬ ಕನ್ನಡದಲ್ಲಿ ಕೂಗಿದರೆ ಇನ್ನೊಬ್ಬ ತೆಲುಗಿನಲ್ಲಿ ಬೈಯುತ್ತಿದ್ದ. ಹಾವು ತನ್ನ ಬಾಲವನ್ನೇ ಕಚ್ಚಿಕೊಂಡಾಗ ಎಲ್ಲ ಭಾಷೆಯಲ್ಲೂ ಒಂದೇ ಉದ್ಗಾರ.

ನಾಗರ ಪಂಚಮಿಯ ದಿನ ಮಾತ್ರ ಅಜ್ಜಿ ಫೋನ್ ಮುಟ್ಟಲು ಬಿಡುತ್ತಿರಲಿಲ್ಲ. ‘ಹಬ್ಬದ ದಿನ ಹಾವು ಸಾಯಿಸಬಾರ್ದಪ್ಪ, ಅದು ಎಲ್ಲಿದ್ರೂ ಹಾವೇ’ ಎನ್ನುತ್ತಿದ್ದಳು. ಅಂದು ಹೊಲ ಉಳದ, ಒಲೆಯ ಮೇಲೆ ಹಂಚಿಡದ ಮನೆಯಲ್ಲಿ ಅದು ಸಹಜವಾದ ಮಾತು. ಮಕ್ಕಳು ಮರುಮಾತಾಡದೆ ಜೋಕಾಲಿಯ ಕಡೆ ಓಡುತ್ತಿದ್ದರು. ನಗರದ ಯಾವ ಮನೆಯಲ್ಲಿ ಮಾರಿಯೋಗೋ, ಪ್ಯಾಕ್‌ಮ್ಯಾನ್‌ಗೋ ಹಬ್ಬದ ರಜೆ ಸಿಕ್ಕಿದೆ? ಈ ಹಾವಿಗೆ ಸಿಕ್ಕಿತ್ತು.

ನಾರಾಯಣಪೇಟೆಯ ಸೋದರಮಾವ ನೇಕಾರ. ಮನೆಯ ಪಡಸಾಲೆಯಲ್ಲಿ ಕುಣಿ ಮಗ್ಗ, ಕಾಲ ಕೆಳಗೆ ತುಳಿಯುವ ಹಲಗೆ, ಪಕ್ಕದಲ್ಲಿ ಅತ್ತೆ ರಾಟೆ ತಿರುವುತ್ತಾ ಕಂಡಿಕೆ ಸುತ್ತುತ್ತಿದ್ದಳು. ಆ ಊರಿನ ಸೀರೆಯ ಗುರುತು ಗೊತ್ತಿರುವವರಿಗೆ ಅದು ದೂರದಿಂದಲೇ ತಿಳಿಯುತ್ತದೆ: ಮೈತುಂಬಾ ಚೌಕಳಿ, ಎದ್ದು ಕಾಣುವ ಬೇರೆ ಬಣ್ಣದ ಅಂಚು, ಅಂಚಿನಲ್ಲಿ ಗುಡಿಯ ಗೋಪುರದಂಥ ಮೊನೆಗಳು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನೇಯ್ಗೆ ಅದು. ಫೋನಿನ ಹಾವು ಓರೆಯಾಗಿ ಹೋಗಲಾರದು, ಬಾಗಲಾರದು. ನೆಟ್ಟಗೆ ಹೋಗಬೇಕು, ಇಲ್ಲವೇ ಮೂಲೆ ತಿರುಗಬೇಕು. ಮಾವನ ಮಗ್ಗದ ಮೇಲೆ ಚೌಕಳಿ ಮೂಡುತ್ತಿದ್ದದ್ದೂ ಹಾಗೆಯೇ, ಎಳೆ ಎಳೆಯಾಗಿ ಹಾಸು, ಹೊಕ್ಕು. ಹುಡುಗನ ಮನಸ್ಸಿನಲ್ಲಿ ಇವೆರಡೂ ಬೆಸೆದುಕೊಂಡದ್ದು ಅಲ್ಲಿಯೇ. ಲಾಳಿಯ ಟಕಟಕ ಸದ್ದಿಗೆ ಸರಿಯಾಗಿ ಗುಂಡಿ ಒತ್ತಿದರೆ ಹಾವು ಕೈಗೆ ಸಿಗುತ್ತದೆ ಎಂದು ಅವನ ಮಾವನ ಮಗಳು ಕಂಡುಹಿಡಿದಿದ್ದಳು. ಅವಳೇ ಆ ಇಡೀ ಬಳಗದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವಳು.

ಅವಳ ಆಟದ ರೀತಿ ನೋಡಲು ಚೆಂದ. ಹುಡುಗರು ಊಟ ಕಂಡ ಕಡೆ ನೇರವಾಗಿ ನುಗ್ಗುತ್ತಿದ್ದರು. ಅವಳು ಹಾಗಲ್ಲ. ಹಾವನ್ನು ಪರದೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಲು ಬಿಡದೆ ಓಡಿಸಿ, ಮಡಿಕೆ ಮಡಿಕೆಯಾಗಿ ಪೇರಿಸಿ, ಬಾಲ ಎಲ್ಲಿದೆಯೆಂದು ಸದಾ ಲೆಕ್ಕವಿಟ್ಟುಕೊಂಡು ಆಡುತ್ತಿದ್ದಳು. ಊಟ ಎದುರಿಗೇ ಇದ್ದರೂ ದಾರಿ ಸರಿಯಿಲ್ಲದಿದ್ದರೆ ಬಿಟ್ಟು ಸುತ್ತಿ ಬರುತ್ತಿದ್ದಳು. ವೇಗ ಹೆಚ್ಚಿಟ್ಟರೆ ಪ್ರತಿ ತುತ್ತಿಗೂ ಅಂಕ ಹೆಚ್ಚು. ಅವಳು ವೇಗ ಇಳಿಸುತ್ತಿರಲಿಲ್ಲ. ಅವಳ ಅಂಕವನ್ನು ಮಾವ ಮಗ್ಗದ ಪಕ್ಕದ ಗೋಡೆಯ ಮೇಲೆ, ಸೀರೆಯ ಲೆಕ್ಕ ಬರೆಯುವ ಜಾಗದಲ್ಲೇ, ಸೀಮೆಸುಣ್ಣದಿಂದ ಬರೆದಿಡುತ್ತಿದ್ದ. ಆ ಅಂಕೆ ಬಸ್ಸು ಹತ್ತಿ ಮಕ್ತಲ್‌ಗೆ ಬರುತ್ತಿತ್ತು. ಅದನ್ನು ಮುರಿಯಲೆಂದು ಹಳ್ಳಿಯ ಹುಡುಗರು ವಾರಗಟ್ಟಲೆ ಕಷ್ಟಪಡುತ್ತಿದ್ದರು.

ಮಕ್ತಲ್‌ನಿಂದ ಗದ್ವಾಲ್‌ಗೆ ಅಮರಚಿಂತ, ಆತ್ಮಕೂರಿನ ಮೇಲೆ ದಾರಿ. ಜೂರಾಲ ಅಣೆಕಟ್ಟಿನ ಮೇಲೆಯೇ ಬಸ್ಸು ಹೋಗುತ್ತದೆ. ಮಳೆಗಾಲದಲ್ಲಿ ಗೇಟು ಎತ್ತಿದ್ದರೆ ಬಸ್ಸಿನ ಒಂದು ಕಡೆಯ ಜನರೆಲ್ಲ ಇನ್ನೊಂದು ಕಡೆಗೆ ವಾಲಿ ನೀರು ನೋಡುತ್ತಾರೆ. ಗದ್ವಾಲ್ ಅಂದರೆ ಸೋಮನಾದ್ರಿಯ ಕೋಟೆ, ಅದರೊಳಗಿನ ಚೆನ್ನಕೇಶವ ಗುಡಿ, ಹತ್ತಿಯ ಮೈಗೆ ರೇಷ್ಮೆಯ ಅಂಚು ಕೂಡಿಸುವ ಸೀರೆ. ಹುಡುಗನಿಗೆ ಇದೆಲ್ಲ ಆಮೇಲೆ ತಿಳಿದದ್ದು. ಆಗ ಅವನಿಗೆ ಗದ್ವಾಲ್ ಅಂದರೆ ಅಕ್ಕನ ಗಂಡನ ಬಣ್ಣದ ಪರದೆಯ ಫೋನ್. 2005ರ ಹೊತ್ತಿಗೆ ಬಂದ ಅಗ್ಗದ ನೋಕಿಯಾ ಫೋನುಗಳಲ್ಲಿ ‘ಸ್ನೇಕ್ ಜೆನ್ಜಿಯಾ’ ಇತ್ತು. ಹಾವಿಗೆ ಬಣ್ಣ ಬಂದಿತ್ತು. ಆಡಿ ನೋಡಿದ ಹುಡುಗ ಒಂದು ವಿಷಯ ಗಮನಿಸಿದ: ಬಣ್ಣ ಬಂದರೂ ಆಟ ಬೇರೆಯಾಗಲಿಲ್ಲ. ಎರಡೇ ನಿಮಿಷದಲ್ಲಿ ಬಣ್ಣ ಮರೆತು, ತಲೆ ಎಲ್ಲಿದೆ, ಬಾಲ ಎಲ್ಲಿದೆ ಎಂಬುದರಲ್ಲೇ ಮನಸ್ಸು ನಿಂತಿತ್ತು.

ಗಡಿಯ ಊರುಗಳಿಗೆ ಈ ಹಾವು ಇಷ್ಟು ಹತ್ತಿರವಾಗಲು ಇನ್ನೊಂದು ಕಾರಣವಿತ್ತು. ಬೆಂಗಳೂರು, ಹೈದರಾಬಾದಿನವರಿಗೆ ಅದು ಅರ್ಥವಾಗುವುದು ಕಷ್ಟ. ಮೊಬೈಲ್ ಸೇವೆಗೆ ಕರ್ನಾಟಕ ಒಂದು ವೃತ್ತ, ಆಗ ಈ ಊರುಗಳಿದ್ದ ಆಂಧ್ರಪ್ರದೇಶ ಇನ್ನೊಂದು. ನದಿಯಾಚೆ ಶಕ್ತಿನಗರ, ದೇವಸೂಗೂರು. ಅಲ್ಲಿ ರಾಯಚೂರು ಥರ್ಮಲ್ ವಿದ್ಯುತ್ ಕೇಂದ್ರದ ಚಿಮಣಿಗಳು ಈಚೆಯ ಹೊಲದಲ್ಲಿ ನಿಂತವರಿಗೂ ಕಾಣುತ್ತವೆ. ಆಚೆಯ ಟವರಿನ ಸಿಗ್ನಲ್ ಈಚೆಗೂ ಬರುತ್ತಿತ್ತು. ಮನೆಯ ಅಂಗಳದಲ್ಲಿ ಕೂತಿದ್ದರೂ ಫೋನ್ ಆಚೆಯ ಟವರ್ ಹಿಡಿದರೆ ರೋಮಿಂಗ್. ಕರೆ ಮಾಡಿದರೂ ದುಡ್ಡು, ಬಂದ ಕರೆ ಎತ್ತಿದರೂ ದುಡ್ಡು. ಹತ್ತು ರೂಪಾಯಿಯ ರೀಚಾರ್ಜ್ ಹಾಕಿಸಿಕೊಂಡವನಿಗೆ ಅದು ಸಣ್ಣ ವಿಷಯವಲ್ಲ. ರೋಮಿಂಗಿನಲ್ಲಿ ಬರುವ ಕರೆಗಳನ್ನು ಬಿಎಸ್‌ಎನ್‌ಎಲ್ ಉಚಿತ ಮಾಡಿದ್ದೇ 2015ರ ಜೂನ್‌ನಲ್ಲಿ. ಅಲ್ಲಿಯವರೆಗೆ ಹೆಂಡತಿಯ ತವರಿಗೆ, ಮಗಳ ಅತ್ತೆಯ ಮನೆಗೆ, ರಾಯಚೂರಿನ ಅಡತಿ ಅಂಗಡಿಗೆ ಮಾತಾಡುವುದೆಲ್ಲ ಮಿಸ್ ಕಾಲ್‌ನಲ್ಲೇ ಮುಗಿಯುತ್ತಿತ್ತು. ಒಂದು ರಿಂಗ್ ಆದರೆ ಬಸ್ಸು ಹತ್ತಿದೆ, ಎರಡಾದರೆ ಮುಟ್ಟಿದೆ.

ಫೋನಿನಲ್ಲಿ ಮಾತು ತುಟ್ಟಿ, ಹಾವು ಪುಕ್ಕಟೆ. ಬ್ಯಾಲೆನ್ಸ್ ಇರಲಿ ಬಿಡಲಿ, ಸಿಗ್ನಲ್ ಇರಲಿ ಬಿಡಲಿ, ಹಾವು ಹರಿಯುತ್ತಿತ್ತು. ರಾಜ್ಯ ಯಾವುದು, ವೃತ್ತ ಯಾವುದು ಎಂದು ಅದು ಕೇಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ರಾಯಚೂರಿನ ಬಸ್ಸಿಗೆ ಕಾಯುವವನೂ, ಮಹಬೂಬ್‌ನಗರದ ಬಸ್ಸಿಗೆ ಕಾಯುವವನೂ ಒಂದೇ ಕಟ್ಟೆಯ ಮೇಲೆ ಕೂತು ಒಂದೇ ಆಟ ಆಡುತ್ತಿದ್ದರು. ಸರ್ಕಾರಿ ಶಾಲೆಯ ಪುಸ್ತಕ ಕನ್ನಡದಲ್ಲಿ, ಮಂಡಲ ಕಚೇರಿಯ ಅರ್ಜಿ ತೆಲುಗಿನಲ್ಲಿ, ಫೋನಿನ ಮೆನು ಇಂಗ್ಲಿಷಿನಲ್ಲಿ ಇರುವ ಊರಲ್ಲಿ ಅಕ್ಷರವೇ ಬೇಡದ ಒಂದು ವಸ್ತು ಎಲ್ಲರ ಕೈಗೂ ಸಿಕ್ಕಿತು. ಅದರ ಬೆಲೆ ಆ ಊರಿನವರಿಗೇ ಗೊತ್ತು.

ಈ ಊರುಗಳಿದ್ದ ಪಾಲಮೂರು (ಮಹಬೂಬ್‌ನಗರ) ಜಿಲ್ಲೆಯೆಂದರೆ ಗುಳೆ. ನಾರಾಯಣಪೇಟೆ, ಮಕ್ತಲ್ ಕಡೆಯ ಹಳ್ಳಿಗಳಿಂದ ಕಟ್ಟಡ, ರಸ್ತೆ ಕೆಲಸಕ್ಕೆ ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದಿಗೆ ಹೋಗುವವರು ಲೆಕ್ಕವಿಲ್ಲದಷ್ಟು. ಹಬ್ಬಕ್ಕೆ ಬಂದವರು ಫೋನ್ ತರುತ್ತಿದ್ದರು, ಅದರ ಜೊತೆ ಹೊಸ ಆಟದ ಯುಕ್ತಿಗಳನ್ನೂ ತರುತ್ತಿದ್ದರು. ಮುಂಬೈನಲ್ಲಿ ಸಿಮೆಂಟ್ ಹೊತ್ತು ಬಂದ ದೊಡ್ಡಪ್ಪನ ಮಗನೊಬ್ಬ, ಬೆರಳು ಒರಟಾಗಿ ಗುಂಡಿಯ ಮೇಲೆ ನಿಲ್ಲದಿದ್ದರೂ, ಸೈಟಿನ ಶೆಡ್ಡಿನಲ್ಲಿ ರಾತ್ರಿ ನಿದ್ದೆ ಬರುವ ತನಕ ಹಾವು ಆಡುತ್ತಿದ್ದನಂತೆ. ಊರಿಗೆ ಕರೆ ಮಾಡಲು ದುಡ್ಡಿಲ್ಲದ ದಿನ ಫೋನ್ ಹಿಡಿದುಕೊಂಡಿದ್ದರೆ ಊರಿನವರ ಜೊತೆ ಇದ್ದ ಹಾಗೆ ಅನಿಸುತ್ತಿತ್ತು ಎಂದು ಅವನು ಹೇಳಿದ್ದು ಹುಡುಗನಿಗೆ ಇಂದಿಗೂ ನೆನಪಿದೆ. ಅವನ ಫೋನಿನಲ್ಲಿ 2, 4, 6, 8 ಈ ನಾಲ್ಕು ಅಂಕೆಗಳು ಸವೆದು ಮಾಯವಾಗಿದ್ದವು. ಉಳಿದವು ಹೊಸದರಂತೆ ಇದ್ದವು.

2007ರ ಆಗಸ್ಟ್‌ನಲ್ಲಿ ಒಂದು ಗಾಬರಿ ಎದ್ದಿತು. 1100ರಲ್ಲೂ ಇದ್ದ ಬಿಎಲ್-5ಸಿ ಬ್ಯಾಟರಿಗಳಲ್ಲಿ ಮತ್ಸುಶಿತಾ ಕಂಪನಿ ತಯಾರಿಸಿದ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಬಿಸಿಯಾಗಬಹುದೆಂದು ನೋಕಿಯಾ ಎಚ್ಚರಿಕೆ ಕೊಟ್ಟಿತು. ಊರಿಗೆ ಬರುವಷ್ಟರಲ್ಲಿ ಅದು ‘ಫೋನ್ ಸಿಡಿಯುತ್ತದೆ’ ಎಂದಾಗಿತ್ತು. ಬ್ಯಾಟರಿ ತೆಗೆದು ಹಿಂದಿನ ನಂಬರು ಓದಿಸಿಕೊಳ್ಳಲು ಓದುಬಲ್ಲ ಹುಡುಗರನ್ನು ಹಿರಿಯರು ಹುಡುಕಿಕೊಂಡು ಬಂದರು. ಕೆಲವು ದಿನ ಹಾವಿನ ಆಟಕ್ಕೆ ಕತ್ತರಿ ಬಿತ್ತು, ಆಮೇಲೆ ಎಲ್ಲ ಮೊದಲಿನಂತಾಯಿತು.

2009ರ ಪ್ರವಾಹದ ಕತೆ ಬೇರೆ. ಆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ರಾಯಚೂರಿನಿಂದ ಕರ್ನೂಲಿನವರೆಗೆ ನದಿಗಳು ಊರೊಳಗೆ ಬಂದವು. ಹೊಳೆದಂಡೆಯ ನೆಂಟರು ಗಂಟು ಮೂಟೆ ಕಟ್ಟಿಕೊಂಡು ಹುಡುಗನ ಮನೆಗೆ ಬಂದರು. ಕರೆಂಟ್ ಇರಲಿಲ್ಲ. ಚಾರ್ಜ್ ಉಳಿಸಲು ಆಟ ಆಡಕೂಡದೆಂದು ಅಪ್ಪ ಕಟ್ಟಪ್ಪಣೆ ಮಾಡಿದ. ಆದರೆ ಮನೆ ಕಳೆದುಕೊಂಡ ಮಕ್ಕಳು ಅಳು ನಿಲ್ಲಿಸದಿದ್ದಾಗ ಫೋನನ್ನು ಅವನೇ ತೆಗೆದು ಅವರ ಕೈಗೆ ಕೊಟ್ಟ. ಒಂದೊಂದು ಹಾವು ಮಾತ್ರ ಎಂದ. ಹುಡುಗ ಅಪ್ಪನನ್ನು ಆ ರಾತ್ರಿ ಬಹಳ ಇಷ್ಟಪಟ್ಟ.

ಮುಂದೆ ರಾಯಚೂರಿನಲ್ಲಿ ಡಿಪ್ಲೊಮಾ ಓದುವಾಗ ಆ ಹಾವಿನ ಒಳಗುಟ್ಟು ಅವನಿಗೆ ತಿಳಿಯಿತು. ಲ್ಯಾಬಿನಲ್ಲಿ ಸಿ ಭಾಷೆಯಲ್ಲಿ ಹಾವು ಬರೆಯುವುದು ಒಂದು ಅಭ್ಯಾಸ. ಬರೆಯುತ್ತಾ ಹೋದಾಗ ಗೊತ್ತಾದದ್ದು, ಹಾವಿನ ಮೈ ಚಲಿಸುವುದೇ ಇಲ್ಲ. ತಲೆಯ ಮುಂದೆ ಒಂದು ಚುಕ್ಕಿ ಬರೆಯಬೇಕು, ಬಾಲದ ತುದಿಯ ಒಂದು ಚುಕ್ಕಿ ಅಳಿಸಬೇಕು, ಅಷ್ಟೇ. ನಡುವಿನ ಮೈ ಇದ್ದಲ್ಲೇ ಇರುತ್ತದೆ. ಊಟ ಸಿಕ್ಕಾಗ ಬಾಲದ ಚುಕ್ಕಿ ಅಳಿಸದೆ ಬಿಟ್ಟರೆ ಹಾವು ಬೆಳೆದಂತಾಯಿತು. ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಂಡು ಹಾವು ಹರಿಯಿತು ಎನ್ನುತ್ತದೆ. ಇಷ್ಟು ಕಡಿಮೆ ಸಾಮಗ್ರಿಯಿಂದ ಕಟ್ಟಿದ, ಜೀವ ಇದೆ ಎಂದು ನಂಬಿಸುವ ಇನ್ನೊಂದು ಪ್ರಾಣಿ ಆಟಗಳ ಲೋಕದಲ್ಲಿ ಇದೆಯೇ ಎಂದು ಕೇಳಿದರೆ ಇಲ್ಲ ಎಂದೇ ಹೇಳಬೇಕು.

1980ರಲ್ಲಿ ಜಪಾನಿನ ತೋರು ಇವಾತಾನಿ ಮಾಡಿದ ಪ್ಯಾಕ್‌ಮ್ಯಾನ್‌ಗೆ ಬಾಯಿಯಿದೆ, ಹಿಂದೆ ಬೀಳುವ ಭೂತಗಳಿವೆ. 1996ರ ಪಿಕಾಚುಗೆ ಕೆಂಪು ಕೆನ್ನೆ, ಚಲನಚಿತ್ರ, ಗೊಂಬೆ, ಅಂಗಿ ಎಲ್ಲ ಇವೆ. ಅವು ಉಳಿದದ್ದರ ಹಿಂದೆ ದೊಡ್ಡ ಕಂಪನಿಗಳ ಆರೈಕೆಯಿದೆ. ಈ ಹಾವಿಗೆ ಮುಖವಿಲ್ಲ, ಹೆಸರಿಲ್ಲ, ಕತೆಯಿಲ್ಲ. ಇದಕ್ಕೆ ಶತ್ರುವೂ ಇಲ್ಲ. ತಿಂದಷ್ಟೂ ಬೆಳೆಯುತ್ತದೆ, ಬೆಳೆದಷ್ಟೂ ಜಾಗ ಕಡಿಮೆಯಾಗುತ್ತದೆ, ಕೊನೆಗೆ ತನ್ನ ಮೈಯೇ ತನಗೆ ಅಡ್ಡವಾಗುತ್ತದೆ. ಆಡುವವನು ಸೋತಾಗ ದೂರಲು ಬೇರೆ ಯಾರೂ ಇರುವುದಿಲ್ಲ. ಇನ್ನೊಂದು ಸಲ ಆಡಿದರೆ ಸರಿಹೋಗುತ್ತದೆ ಎಂಬ ಆಸೆ ಅದರಿಂದಲೇ ಹುಟ್ಟುತ್ತದೆ. ಹಾವಿನ ದೀರ್ಘಾಯುಷ್ಯದ ಮೂಲ ಇದು.

ನಮ್ಮಲ್ಲಿ ಹಾವು ಆಟದೊಳಗೆ ಬಂದದ್ದು ಇದೇ ಮೊದಲೂ ಅಲ್ಲ. ಪರಮಪದ ಸೋಪಾನ ಪಟ, ತೆಲುಗರ ವೈಕುಂಠಪಾಳಿ, ಎರಡರಲ್ಲೂ ಹಾವುಗಳಿವೆ. ವೈಕುಂಠ ಏಕಾದಶಿಯ ಜಾಗರಣೆಗೆ ಅಜ್ಜಿಯರು ಆ ಪಟ ಹಾಸುತ್ತಿದ್ದರು. ಅಲ್ಲಿ ಮನುಷ್ಯ ಮೇಲೇರುತ್ತಾನೆ, ಹಾವು ನುಂಗಿ ಕೆಳಗಿಳಿಸುತ್ತದೆ. ಕವಡೆ ಹೇಗೆ ಬಿದ್ದರೆ ಹಾಗೆ. ಫೋನಿನ ಆಟದಲ್ಲಿ ಆಡುವವನೇ ಹಾವು. ಅದೃಷ್ಟಕ್ಕೆ ಊಟ ಎಲ್ಲಿ ಬೀಳಬೇಕು ಎಂಬಷ್ಟೇ ಅಧಿಕಾರ, ಉಳಿದದ್ದೆಲ್ಲ ಬೆರಳಿನದು. ಎರಡೂ ಆಟವನ್ನು ಬಲ್ಲ ಅಜ್ಜಿ ಒಂದು ದಿನ ಮೊಮ್ಮಗನ ಕೈಯಿಂದ ಫೋನ್ ಇಸಿದುಕೊಂಡು ಹಾವು ಓಡಿಸಿದಳು. ಮೂರು ತುತ್ತು ತಿನ್ನಿಸಿದಳು. ನಾಲ್ಕನೆಯದಕ್ಕೆ ಹಾವು ಸತ್ತಾಗ, ‘ಪಟದಾಗಿನ ಹಾವು ಸಾಯಂಗಿಲ್ಲ ನೋಡು’ ಎಂದು ಫೋನ್ ಮರಳಿಸಿದಳು.

ಆ ಫೋನುಗಳ ಕಾಲ ಬೇಗ ಮುಗಿಯಿತು. 2006ರಲ್ಲಿ ಚೆನ್ನೈ ಬಳಿಯ ಶ್ರೀಪೆರುಂಬುದೂರಿನಲ್ಲಿ ಉತ್ಪಾದನೆ ಶುರುಮಾಡಿದ ನೋಕಿಯಾ ಕಾರ್ಖಾನೆ 2014ರ ನವೆಂಬರ್ 1ರಂದು ಬಾಗಿಲು ಹಾಕಿತು. ಸಾವಿರಾರು ಕೆಲಸಗಾರರು ಮನೆಗೆ ಹೋದರು. ಅದೇ ವರ್ಷ ಫೋನ್ ವ್ಯಾಪಾರ ಮೈಕ್ರೋಸಾಫ್ಟ್ ಕೈಗೆ ಹೋಗಿತ್ತು. ಅದೇ ವರ್ಷ ಜೂನ್ 2ಕ್ಕೆ ತೆಲಂಗಾಣ ಹುಟ್ಟಿತ್ತು. ಮುಂದೆ ಪಾಲಮೂರು ಒಡೆದು 2016ರಲ್ಲಿ ಜೋಗುಳಾಂಬ ಗದ್ವಾಲ್, 2019ರಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆಗಳಾದವು. 2013ರಲ್ಲಿ ಗದ್ವಾಲ್‌ನಿಂದ ರಾಯಚೂರಿಗೆ, 2023ರ ಅಕ್ಟೋಬರ್‌ನಲ್ಲಿ ಮಕ್ತಲ್ ಮೇಲೆ ಹಾದು ಕಾಚಿಗೂಡದಿಂದ ರಾಯಚೂರಿಗೆ ರೈಲು ಓಡಿತು. ಎಷ್ಟೋ ವರ್ಷ ಬಸ್ಸಿನಲ್ಲಿ ಕುಲುಕಾಡಿದವರಿಗೆ ಅದು ದೊಡ್ಡ ಸಂತೋಷ.

ಹಾವು ಇವೆಲ್ಲವನ್ನೂ ದಾಟಿ ಉಳಿದಿದೆ. 2016ರಲ್ಲಿ ಬಂದ ‘ಸ್ಲಿದರ್ ಐಒ’ ಆಟದಲ್ಲಿ ಲೋಕದ ಎಲ್ಲೆಲ್ಲಿಯದೋ ಮಕ್ಕಳ ಹಾವುಗಳು ಒಂದೇ ಬಯಲಿನಲ್ಲಿ ಹರಿದಾಡುತ್ತವೆ. 2017ರಲ್ಲಿ ಎಚ್‌ಎಂಡಿ ಕಂಪನಿ ಬಾರ್ಸಿಲೋನಾದಲ್ಲಿ ಹೊಸ 3310 ತೋರಿಸಿದಾಗ ಅದರಲ್ಲೂ ಹಾವು ಇತ್ತು. 2019ರ ಏಪ್ರಿಲ್‌ನಲ್ಲಿ ಗೂಗಲ್ ಮ್ಯಾಪಿನೊಳಗೆ ಕೆಲವು ದಿನ ಹಾವು ರೈಲಾಗಿ ಓಡಾಡಿತು, ಪ್ರಯಾಣಿಕರನ್ನು ಹತ್ತಿಸಿಕೊಂಡಷ್ಟೂ ಉದ್ದವಾಯಿತು. ಗದ್ವಾಲ್‌ನ ಅಕ್ಕನ ಮಗ ಈಗ ದೊಡ್ಡ ಪರದೆಯ ಫೋನಿನಲ್ಲಿ ಬಣ್ಣಬಣ್ಣದ ಹಾವು ಆಡುತ್ತಾನೆ. ನಡುನಡುವೆ ಜಾಹೀರಾತು ಬಂದು ನಿಲ್ಲುತ್ತದೆ. ನೋಡಿ ಮುಗಿಸಿದರೆ ಸತ್ತ ಹಾವು ಬದುಕುತ್ತದೆ. ಇದು ಸರಿಯಾದ ಆಟವಲ್ಲ ಎಂಬುದು ಈ ಬರಹಗಾರನ ಖಚಿತ ಅಭಿಪ್ರಾಯ. ತಪ್ಪು ಮಾಡಿದರೆ ಹಾವು ಸಾಯಬೇಕು, ಮೊದಲಿನಿಂದ ಶುರುಮಾಡಬೇಕು. ಆ ಕಟ್ಟುನಿಟ್ಟಿನಿಂದಲೇ ನಾರಾಯಣಪೇಟೆಯ ಗೋಡೆಯ ಮೇಲಿನ ಸೀಮೆಸುಣ್ಣದ ಅಂಕೆಗೆ ಬೆಲೆ ಬಂದಿತ್ತು.

ಹಳ್ಳಿಯ ಆಟಗಳನ್ನು ಬರೆದಿಡುವ ಕೆಲಸ ಕನ್ನಡದಲ್ಲಿ ಬಹಳ ಪ್ರೀತಿಯಿಂದ ನಡೆದಿದೆ. ಚಿನ್ನಿದಾಂಡು, ಲಗೋರಿ, ಚೌಕಾಬಾರ, ಅಳಗುಳಿಮಣೆ, ಹುಲಿಕಟ್ಟು ಎಲ್ಲದರ ನಿಯಮಗಳೂ ದಾಖಲಾಗಿವೆ. ಹಾವಿನ ಆಟವನ್ನು ಫಿನ್ಲೆಂಡಿನಿಂದ ಬಂದದ್ದೆಂದು ಆ ಸಾಲಿನಿಂದ ಹೊರಗಿಡಬಾರದು. ಸರದಿಯ ಕಟ್ಟುಪಾಡು, ಪಂಚಮಿಯ ನಿಷೇಧ, ನೋಡುವವರ ಕೂಗು, ಊರಿಂದೂರಿಗೆ ಹೋಗುತ್ತಿದ್ದ ಅಂಕ ಇವು ನಮ್ಮವೇ. ಇವನ್ನು ನೆನಪಿಟ್ಟವರು ಇನ್ನೂ ಇದ್ದಾರೆ, ಅವರನ್ನು ಕೇಳಿ ಬರೆದುಕೊಳ್ಳಬೇಕು. ನಿಮ್ಮ ಮನೆಯ ಟ್ರಂಕಿನಲ್ಲೋ, ಮಾಡದಲ್ಲೋ ಹಳೆಯ 1100 ಇದ್ದರೆ ಗುಜರಿಯವನಿಗೆ ಕೊಡಬೇಡಿ. ಬಿಎಲ್-5ಸಿ ಬ್ಯಾಟರಿಯನ್ನು ಸಣ್ಣ ರೇಡಿಯೋ, ಸ್ಪೀಕರುಗಳಿಗೆ ಈಗಲೂ ಬಳಸುತ್ತಾರೆ, ಮೊಬೈಲ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಒಂದು ತಂದು ಹಾಕಿ, ಚಾರ್ಜ್ ಮಾಡಿ, ಆಟದ ಮೆನುವಿನಲ್ಲಿ ಅತಿ ಹೆಚ್ಚಿನ ಅಂಕ ತೆರೆದು ನೋಡಿ, ಅದು ಮನೆಯಲ್ಲಿ ಯಾರದೆಂದು ಕೇಳಿ ಬರೆದಿಡಿ.